ಯಾಕೂತ್ ದನಿ ತಗ್ಗಿಸಿದ್ದು ಯಾಕೆ

ಕೈರೋದ ಪತ್ರಿಕೆಯೊಂದರಲ್ಲಿ ಯಾಕೂತನ ಬಗ್ಗೆ ಬರೆದಿದ್ದಾರೆ. ಹುಟ್ಟಿನಿಂದಲೇ ಮೆಲುದನಿಯ ಹಾಡುಗಾರನಂತೆ. ಪಿಸುಮಾತಿನ ಕವಿಯಂತೆ. ಬರೆದವನು ಯಾರೋ ಏನೋ, ನನ್ನ ಕೈಗೆ ಸಿಕ್ಕಿದ್ದರೆ ಕಿವಿ ಹಿಂಡಿ ಬಹರಿಗೆ ಕರೆತರುತ್ತಿದ್ದೆ. ಅಲೆಕ್ಸಾಂಡ್ರಿಯಾದ ಈ ಮೀನುಗಾರರ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಲಿ. ಮಾರುಕಟ್ಟೆಯ ಈ ತುದಿಯಲ್ಲಿ ನಿಂತು ಯಾಕೂತ್ ಬಾಯಿ ತೆಗೆದರೆ ಆ ತುದಿಯಲ್ಲಿ ಮೀನು ತೂಗುವವನು ಬೆಚ್ಚಿ ತಕ್ಕಡಿ ಬಿಡುತ್ತಿದ್ದ.

ಅವನನ್ನು ನಾನು ಬಲ್ಲೆ. ನನ್ನ ಹೆಸರು ಶೆಹಾತ. ಹೊಟ್ಟೆಪಾಡಿಗೆ ಇಲ್ಲೇ ಪಕ್ಕದ ಅನ್ಫೂಶಿಯಲ್ಲಿ ದೋಣಿ ಕಟ್ಟುವ ಕಡೆ ಕೆಲಸ: ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕಿ, ಸುತ್ತಿಗೆಯಿಂದ ಬಡಿದು, ನೀರು ಒಳಗೆ ಬಾರದ ಹಾಗೆ ಮುಚ್ಚುವುದು. ವಾರವೆಲ್ಲ ದೋಣಿ ಬಡಿಯುತ್ತೇನೆ, ಶುಕ್ರವಾರ ಡ್ರಮ್ಸ್ ಬಡಿಯುತ್ತೇನೆ. ನಮ್ಮದೊಂದು ಬ್ಯಾಂಡಿದೆ. ನಾನು ಡ್ರಮ್ಸ್, ಮಿಲಾದ್ ಬೇಸ್ ಗಿಟಾರು, ಯಾಕೂತ್ ಹಾಡು. ಹಾಡುಗಳನ್ನೆಲ್ಲ ಕಟ್ಟುವವನೂ ಅವನೇ. ಬ್ಯಾಂಡಿನ ಹೆಸರು ಮಕ್ನಸಾ. ನವೆಂಬರ್ ನಡುವಿನಲ್ಲಿ ಬೀದಿಗಳನ್ನೆಲ್ಲ ಗುಡಿಸಿಕೊಂಡು ಹೋಗುವ ಬಿರುಗಾಳಿಗೆ ನಮ್ಮೂರಲ್ಲಿ ಹಾಗನ್ನುತ್ತಾರೆ, ಕಸಬರಿಗೆ ಅಂತ. ಹೆಸರಿಟ್ಟಾಗ ನಮಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಗದ್ದಲ ಮಾಡುವ ಯಾವ ಹೆಸರಾದರೂ ಸಾಕಾಗಿತ್ತು.

ಯಾಕೂತನಿಗೆ ಹೇಳಿಕೊಳ್ಳುವಂಥ ಚರಿತ್ರೆಯೇನೂ ಇಲ್ಲ. ಅಪ್ಪ ಹಾಯಿ ಹೊಲಿಯುತ್ತಿದ್ದ, ಬೇಗ ಹೋದ. ತಾಯಿಯೂ ಹೋದ ಮೇಲೆ ಮೂರನೆಯ ಮಹಡಿಯ ಮನೆಯಲ್ಲಿ ಒಬ್ಬನೇ ಉಳಿದ. ಮೀನುಮಾರುಕಟ್ಟೆಯ ಎದುರಿಗೆ ಚಿಕ್ಕಪ್ಪನ ಅಂಗಡಿಯಲ್ಲಿ ಗಾಳ, ದಾರ, ಸೀಸದ ಗುಂಡು ಮಾರುತ್ತಾನೆ. ನೈಲಾನ್ ದಾರವನ್ನು ಮೊಣಕೈಗೆ ಸುತ್ತಿ ಅಳೆಯುವಾಗಲೇ ಅವನಿಗೆ ಹಾಡು ಹುಟ್ಟುವುದು. ಒಮ್ಮೆ ಕಾರ್ಯಕ್ರಮದ ನಡುವೆ ಗಿಟಾರಿನ ತಂತಿ ಕಿತ್ತುಹೋದಾಗ ಜೇಬಿನಿಂದ ಮೀನಿನ ದಾರ ತೆಗೆದು ಕಟ್ಟಿ ಹಾಡು ಮುಗಿಸಿದ ಭೂಪ. ಗಿರಾಕಿ ಗಾಳದ ನಂಬರು ಕೇಳಿದರೆ ಅದನ್ನೇ ರಾಗ ಎಳೆದು ವಾಪಸ್ಸು ಹೇಳುತ್ತಿದ್ದ. ಒಂದೇ ಒಂದು ಕೆಟ್ಟ ಗುಣ. ಯಾರ ಮೇಲಾದರೂ ಬೇಸರವಾದರೆ ಬೈಯುವುದಿಲ್ಲ, ಜಗಳವಾಡುವುದಿಲ್ಲ, ಸುಮ್ಮನೆ ಮಾತು ಕಡಿಮೆ ಮಾಡುತ್ತಾನೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಬೈದರೆ ಏನು ತಪ್ಪಾಗಿದೆ ಅಂತಾದರೂ ಗೊತ್ತಾಗುತ್ತದೆ.

ಅವನ ಕೆಳಗಿನ ಮನೆಯಲ್ಲಿ ಅವಾದ್ ಇದ್ದ, ತಾಯಿಯ ಜೊತೆ. ಆ ತಾಯಿಯನ್ನು ನಾವೆಲ್ಲ ಅವಾದನಮ್ಮ ಅನ್ನುವ ಅರ್ಥದಲ್ಲಿ ಉಮ್ಮ್ ಅವಾದ್ ಅನ್ನುತ್ತೇವೆ, ಎದುರಿಗೆ ಖಾಲಾ, ಅಂದರೆ ಚಿಕ್ಕಮ್ಮ. ಅವಾದನಿಗೆ ಹಾಡಲು ಬರುತ್ತಿರಲಿಲ್ಲ, ಬಾರಿಸಲು ಬರುತ್ತಿರಲಿಲ್ಲ. ಆದರೆ ನನ್ನ ಡ್ರಮ್ಸನ್ನು ಒಬ್ಬನೇ ಹೊತ್ತು ಮಹಡಿ ಹತ್ತಿಸುತ್ತಿದ್ದ. ಯಾರಾದರೂ ನಮ್ಮ ಹಾಡು ಕೇಳಿ ನಕ್ಕರೆ ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದ. ಮೇಲೆ ಯಾಕೂತ್ ಅಭ್ಯಾಸ ಮಾಡಿದರೆ ಕೆಳಗಿನಿಂದ ಕಸಬರಿಗೆಯ ಹಿಡಿಯಲ್ಲಿ ಚಾವಣಿ ಕುಟ್ಟಿ ತಾಳ ಹಾಕುತ್ತಿದ್ದ. ಅದೂ ತಪ್ಪು ತಾಳ. ನಾನು ಬೈದರೆ, "ಉಸ್ತಾದ್, ನೀನು ಸರಿಯಾಗಿ ಬಾರಿಸು, ನಾನು ಪ್ರೀತಿಯಿಂದ ಬಾರಿಸ್ತೀನಿ" ಅನ್ನುತ್ತಿದ್ದ.

ಹೋದ ವರ್ಷ ಅವಾದ್ ಸ್ವಂತಕ್ಕೆ ಒಂದು ಹಳೆಯ ಸಣ್ಣ ದೋಣಿ ಕೊಂಡ. ಅದರ ಸಂದಿಗಳನ್ನು ಮುಚ್ಚಿದವನು ನಾನು. ನಾನು ಬಡಿಯುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ಹತ್ತಿ ಎಳೆದು ಹುರಿ ಮಾಡಿ ಕೊಟ್ಟ. ಅಡಿಯಲ್ಲಿ ಒಂದು ಹಲಗೆ ಮೆತ್ತಗಿತ್ತು, ಉಗುರು ಒತ್ತಿದರೆ ಗುರುತು ಬೀಳುವಷ್ಟು. "ಇದನ್ನ ಬದಲಾಯಿಸಬೇಕು ಕಣೋ" ಅಂದೆ. "ಈ ಸೀಸನ್ ಮುಗೀಲಿ ಬಿಡು, ಸದ್ಯಕ್ಕೆ ಇನ್ನೊಂದು ಸುತ್ತು ಹೆಚ್ಚು ತುರುಕು" ಅಂದ. ತುರುಕಿದೆ, ಚೆನ್ನಾಗಿಯೇ ಬಡಿದೆ. ನಾನು ಅವನಿಗೆ ಹೇಳಿದ್ದೆ ಎನ್ನುವುದಕ್ಕೆ ಸಾಕ್ಷಿ ಯಾರು ಅಂದರೆ ಅವಾದನೊಬ್ಬನೇ.

ಬಿರುಗಾಳಿಗಳಿಗೆ ನಮ್ಮಲ್ಲಿ ಹೆಸರೂ ಇದೆ, ತಾರೀಖೂ ಇದೆ. ಅಚ್ಚು ಹಾಕಿಸಿ ಅಂಗಡಿಗಳ ಗೋಡೆಗೆ ತೂಗುಹಾಕಿರುತ್ತಾರೆ. ಮೊಬೈಲಿನಲ್ಲಿ ಮೋಡ, ಗಾಳಿ ಎಲ್ಲ ಬರುವ ಈ ಕಾಲದಲ್ಲೂ ಬಹರಿಯ ದೋಣಿಗಳು ಅಜ್ಜಂದಿರ ಆ ತಾರೀಖು ನೋಡಿಕೊಂಡೇ ಹೊರಡುವುದು. ಹೋದ ವರ್ಷ ಮಕ್ನಸಾ ತಾರೀಖಿಗೆ ಮೊದಲೇ ಬಂತು. ಅವಾದ್ ಒಬ್ಬನೇ ಹೋಗಿದ್ದ. ಅವನೂ ಬರಲಿಲ್ಲ, ದೋಣಿಯೂ ಬರಲಿಲ್ಲ, ಒಂದು ಚೂರು ಹಲಗೆಯೂ ದಡಕ್ಕೆ ಬರಲಿಲ್ಲ.

ಉಮ್ಮ್ ಅವಾದ್ ಸಾವನ್ನು ಒಪ್ಪಲಿಲ್ಲ. ಹೆಣವಿಲ್ಲ, ಮಣ್ಣು ಮಾಡಿಲ್ಲ, ಸಂತಾಪಕ್ಕೆ ಬೀದಿಯಲ್ಲಿ ಶಾಮಿಯಾನ ಹಾಕಿಲ್ಲ. ಮಾತಾಡಿಸಲು ಬಂದ ಮಸೀದಿಯ ಹಿರಿಯರನ್ನು ಬಾಗಿಲಲ್ಲೇ ತಡೆದು, "ನನ್ನ ಮಗ ಊರಲ್ಲಿಲ್ಲ, ಅಷ್ಟೆ. ಗಾಳಿ ಆ ಕಡೆ ತಳ್ಳಿರುತ್ತೆ, ಲಿಬಿಯಾದವರು ಹಿಡಿದು ಜೈಲಿಗೆ ಹಾಕಿರ್ತಾರೆ. ಹಿಂದೆ ಎಷ್ಟು ಜನ ಹಾಗೆ ಹೋಗಿ ವಾಪಸ್ಸು ಬಂದಿಲ್ಲ?" ಅಂದಳು. ಕಟ್ಟಡದಲ್ಲಿ ಯಾರಾದರೂ ತೀರಿಕೊಂಡರೆ ನಲವತ್ತು ದಿನ ಬೇರೆ ಮನೆಯವರು ಟೀವಿ, ರೇಡಿಯೋ ಜೋರು ಮಾಡುವುದಿಲ್ಲ. ಸಾವಿನ ಮನೆಯವರೇ ಬಂದು "ಸಾಕು, ಹಾಕಿಕೊಳ್ಳಿ" ಅನ್ನಬೇಕು. ಆದರೆ ಈ ನಲವತ್ತನ್ನು ಯಾವ ದಿನದಿಂದ ಎಣಿಸುವುದು? ಜನ ತಾವಾಗಿಯೇ ಟೀವಿ ತಗ್ಗಿಸಿದರು. ಅದು ಆಕೆಗೆ ಗೊತ್ತಾಯಿತು. ಒಂದೊಂದೇ ಬಾಗಿಲು ತಟ್ಟಿ, "ಏನು, ನನ್ನ ಮಗನನ್ನ ನೀವೇ ಹೂತುಬಿಟ್ರಾ? ಯಾಕೆ ಎಲ್ಲರ ಮನೇಲೂ ಪಿಸಪಿಸ?" ಅಂತ ಜಗಳ ತೆಗೆದಳು. ತನ್ನ ರೇಡಿಯೋವನ್ನು ಬೀದಿಗೆ ಕೇಳುವಷ್ಟು ಜೋರು ಮಾಡಿದಳು. ಅಂದಿನಿಂದ ಆ ಕಟ್ಟಡದವರಿಗೆ ಜೋರು ಮಾಡಿದರೂ ಕಷ್ಟ, ತಗ್ಗಿಸಿದರೂ ಕಷ್ಟ.

ನಾನು ಆ ಮೆಟ್ಟಿಲು ಹತ್ತುವುದನ್ನೇ ಬಿಟ್ಟೆ.

ಬ್ಯಾಂಡಿನ ಅಭ್ಯಾಸ ನಿಂತಿತು. ಮೊದಮೊದಲು ನಾನೂ ಸುಮ್ಮನಿದ್ದೆ. ಆ ಹೆಸರಿಟ್ಟುಕೊಂಡು ಯಾರು ಬಾರಿಸುತ್ತಾರೆ? ಹೊಸ ವರ್ಷ ಕಳೆದ ಮೇಲೆ, "ಹೆಸರು ಬದಲಾಯಿಸೋಣ, ಶುಕ್ರವಾರ ಬಾ" ಅಂತ ಯಾಕೂತನಿಗೆ ಹೇಳಿ ಕಳಿಸಿದೆ. ಶೀತವಾಗಿದೆ ಅಂದ. ಮುಂದಿನ ವಾರ ಚಿಕ್ಕಪ್ಪನಿಗೆ ಹುಷಾರಿಲ್ಲ ಅಂದ. ಆ ಚಿಕ್ಕಪ್ಪ ಅದೇ ದಿನ ಗಾಡಿಯ ಮುಂದೆ ನಿಂತು ಲಿವರ್ ಸ್ಯಾಂಡ್‌ವಿಚ್ ಮೇಲೆ ಸ್ಯಾಂಡ್‌ವಿಚ್ ಇಳಿಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ಮೆಣಸಿನಕಾಯಿಯನ್ನೂ ಕಚ್ಚುತ್ತಿದ್ದ.

ಆಮೇಲೆ ಮಿಲಾದ್ ಬಂದು ಸುದ್ದಿ ಹೇಳಿದ. ಅವನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ.

"ಯಾಕೂತ್ ಒಬ್ಬನೇ ಆಲ್ಬಮ್ ಮಾಡ್ತಿದಾನಂತೆ ಕಣೋ. ಬರೀ ಗಿಟಾರು, ಬರೀ ದನಿ. ಅಡುಗೆಮನೇಲಿ ಕೂತು ತಾನೇ ರೆಕಾರ್ಡ್ ಮಾಡ್ಕೊತಾನೆ. ಕೈರೋದ ಕಂಪನಿಯವನೊಬ್ಬ ಕೇಳಿ ಮಾರುಹೋಗಿದಾನಂತೆ."

"ಡ್ರಮ್ಸು?"

"ಬರೀ ಗಿಟಾರು ಅಂದ್ನಲ್ಲ."

"ನಿನ್ನ ಬೇಸು?"

"ನನ್ನದೂ ಇಲ್ಲ. ಆದ್ರೆ ನಂಗೇನು, ವಾರಕ್ಕೊಂದು ದಿನ ಬೆನ್ನುನೋವು ಉಳೀತು." ಮಿಲಾದ್ ಚಹಾ ಕುಡಿಯುತ್ತ ಅತ್ತಿತ್ತ ನೋಡಿದ. "ನಂಗೆ ಎರಡು ಹಾಡು ಕೇಳಿಸ್ದ. ನೀನು ಕೇಳಿಸ್ಕೋಬೇಡ ಬಿಡು."

"ಯಾಕೆ?"

"ಸುಮ್ನೆ."

"ಸುಮ್ನೆ ಅಂತ ಯಾವುದೂ ಇರಲ್ಲ ಮಿಲಾದ್. ನನ್ನ ಬಗ್ಗೆ ಏನಾದ್ರೂ ಇದೆಯಾ?"

ಚಹಾದ ಲೋಟ ಕೆಳಗಿಟ್ಟ. ಅವನ ಮುಖವೇ ಹೇಳುತ್ತಿತ್ತು. ಪೀಡಿಸಿದ ಮೇಲೆ ಬಾಯಿ ಬಿಟ್ಟ: ಒಂದು ಹಾಡಿನಲ್ಲಿ ಸುತ್ತಿಗೆಯವನು ಬರುತ್ತಾನಂತೆ. 'ಸುತ್ತಿಗೆಯವನ ಮುಖ ಹೇಗೆ ನೋಡಲಿ' ಅಂತ ಒಂದು ಸಾಲಂತೆ. ಮುಂದಿನದು ನೆನಪಿಲ್ಲ ಅಂದ. ನೆನಪಿಲ್ಲವಂತೆ, ನಾನು ನಂಬಬೇಕಂತೆ.

ಬಹರಿಯಲ್ಲಿ ಸುತ್ತಿಗೆ ಹಿಡಿದವರು ನೂರು ಜನ ಇರಬಹುದು, ಆದರೆ ಯಾಕೂತನಿಗೆ ಸುತ್ತಿಗೆಯವನು ಅಂದರೆ ನಾನೇ. ಕಾರ್ಯಕ್ರಮದಲ್ಲಿ ನನ್ನ ಸರದಿ ಬಂದಾಗ ಅವನು ಕೂಗುತ್ತಿದ್ದುದೇ ಹಾಗೆ. ಇಷ್ಟು ದಿನ ಅರ್ಥವಾಗದೆ ಇದ್ದದ್ದು ಆ ಒಂದು ಗಳಿಗೆಯಲ್ಲಿ ಅರ್ಥವಾಯಿತು ಅನ್ನಿಸಿತು. ಅವನು ನನ್ನ ದೋಣಿಕೆಲಸವನ್ನು ಅನುಮಾನಿಸುತ್ತಿದ್ದಾನೆ. ಅವಾದ್ ಮುಳುಗಿದ್ದು ಗಾಳಿಯಿಂದಲ್ಲ, ನನ್ನ ಸಂದಿಯಿಂದ ಅಂತ ಅವನ ಲೆಕ್ಕ. ಬಾಯಿಬಿಟ್ಟು ಬೈಯಲಾರ, ಅದಕ್ಕೇ ಮಾತು ಕಡಿಮೆ ಮಾಡಿದ್ದಾನೆ, ಬ್ಯಾಂಡು ಬಿಟ್ಟಿದ್ದಾನೆ, ಈಗ ಹಾಡು ಕಟ್ಟಿ ಊರಿಗೆಲ್ಲ ಸಾರಲು ಹೊರಟಿದ್ದಾನೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅಂತ ನೀವು ಅನ್ನಬಹುದು. ಅನ್ನಿ. ನಾನು ಮಾತ್ರ ಅಂದಿನಿಂದ ಕೆಲಸದಲ್ಲಿ ಕೂತಲ್ಲಿ ನಿಂತಲ್ಲಿ ಆ ದೋಣಿಯನ್ನೇ ಮನಸ್ಸಿನಲ್ಲಿ ಮಗುಚಿ ಮಗುಚಿ ನೋಡುತ್ತಿದ್ದೆ. ಈ ಸಂದಿ ಸರಿಯಿತ್ತು. ಇದೂ ಸರಿಯಿತ್ತು. ಆ ಮೆತ್ತಗಿನ ಹಲಗೆಯ ಹತ್ತಿರ ಬಂದಾಗ ಕೈ ನಿಲ್ಲುತ್ತಿತ್ತು. ಎಲ್ಲಾದರೂ ಒಂದು ತುಂಡು ದಡಕ್ಕೆ ಬಂದಿದ್ದರೆ ಎತ್ತಿ ಹಿಡಿದು ತೋರಿಸುತ್ತಿದ್ದೆ, ನೋಡಿ, ಹತ್ತಿ ಇನ್ನೂ ಕಚ್ಚಿಕೊಂಡಿದೆ ಅಂತ. ಸಮುದ್ರ ಅದನ್ನೂ ಕೊಡಲಿಲ್ಲ.

ಅನುಮಾನ ಒಮ್ಮೆ ಹೊಕ್ಕರೆ ಅದಕ್ಕೆ ಬೇಕಾದ ಆಹಾರ ತಾನೇ ಹುಡುಕಿಕೊಳ್ಳುತ್ತದೆ. ಯಾಕೂತನ ಚಿಕ್ಕಪ್ಪ ಪ್ರತಿ ವರ್ಷ ತನ್ನ ದೋಣಿಯನ್ನು ನನ್ನ ಹತ್ತಿರವೇ ತರುತ್ತಿದ್ದವನು ಈ ಸಲ ಅಬೂಕೀರಿಗೆ ಒಯ್ದ. ಅಲ್ಲಿ ಅವನ ಅಳಿಯ ಹೊಸದಾಗಿ ಕೆಲಸ ಶುರುಮಾಡಿದ್ದಾನಂತೆ, ಇರಲಿ. ಕಾಫಿ ಅಂಗಡಿಯಲ್ಲಿ ನಾನು ಹೋಗಿ ಕೂತರೆ ಪಗಡೆ ಆಡುವವರು ಮಾತು ನಿಲ್ಲಿಸುತ್ತಿದ್ದರು. ದಾಳ ಎಣಿಸುತ್ತಿದ್ದರೋ ನನ್ನನ್ನು ಎಣಿಸುತ್ತಿದ್ದರೋ ದೇವರಿಗೇ ಗೊತ್ತು. ಒಂದು ದಿನ ಯಾಕೂತನ ಅಂಗಡಿಯ ಮುಂದೆ ಹಾದುಹೋಗುವಾಗ, ಇಸ್ತ್ರಿ ಮಾಡಿದ ಅಂಗಿ, ಧೂಳಿಲ್ಲದ ಬೂಟು ಹಾಕಿಕೊಂಡ ಒಬ್ಬನ ಜೊತೆ ಅವನು ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದ. ಕೈರೋದವನು ಇವನೇ ಅಂದುಕೊಂಡೆ. ಮೀನುಮಾರುಕಟ್ಟೆಗೆ ಅಂಥ ಬೂಟು ಹಾಕಿಕೊಂಡು ನಮ್ಮವರು ಯಾರೂ ಬರುವುದಿಲ್ಲ. ನನ್ನನ್ನು ಕಂಡದ್ದೇ ಯಾಕೂತ್ ಮಾತು ನುಂಗಿದ.

ಆ ಮನುಷ್ಯ ಹೋಗುವ ತನಕ ಕಾದು ಒಳಗೆ ಹೋದೆ.

"ಏನು ಗಾಯಕರೇ, ವ್ಯಾಪಾರ ಜೋರಾ?"

"ಬಾ ಶೆಹಾತ. ಚಹಾ ತರಿಸ್ಲಾ?" ಗಾಳದ ಡಬ್ಬಿಯಲ್ಲಿ ಏನನ್ನೋ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

"ಚಹಾ ಬೇಡ. ಅಡುಗೆಮನೇಲಿ ಏನೋ ಬೇಯಿಸ್ತಿದೀಯಂತೆ. ನಮಗೂ ಒಂದು ತಟ್ಟೆ ಬಡಿಸಬಾರದಾ?"

ಅವನ ಬೆರಳಿಗೆ ಗಾಳ ಚುಚ್ಚಿತು. "ಮಿಲಾದ್ ಹೇಳಿದ್ನಾ?"

"ಗೋಡೆಗೂ ಕಿವಿ ಇದೆ. ನಂಗೇನೂ ಬೇಜಾರಿಲ್ಲಪ್ಪ. ಡ್ರಮ್ಸ್ ಬೇಡ್ವಾ, ಬೇಡ. ಆದ್ರೆ ಹಾಡಲ್ಲಿ ಯಾರ್‍ಯಾರು ಇದಾರೆ ಅಂತ ತಿಳ್ಕೋಬಹುದಾ?"

"ಶೆಹಾತ, ಅದು..." ಅಂದ. ಬೆರಳಿನ ರಕ್ತ ಚೀಪಿಕೊಂಡ. ಅವನ ಹಿಂದೆ ಗೋಡೆಯ ತುಂಬ ದಾರದ ಉಂಡೆಗಳು, ಬಲೆಗಳು, ಹೊಸ ವರ್ಷದ ಬಿರುಗಾಳಿಯ ಪಟ್ಟಿ. "ಒಂದಿನ ಹೇಳ್ತೀನಿ. ಇವತ್ತಲ್ಲ."

"ಮುಖಕ್ಕೆ ಹೇಳೋ ಯೋಗ್ಯತೆ ಇಲ್ದೋನು ಹಾಡು ಕಟ್ತಾನೆ" ಅಂದುಬಿಟ್ಟೆ. ಅವನು ತಿರುಗಿ ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ನೀನು ಹೇಳೋದು ನಿಜ" ಅಂದ. ಅದನ್ನು ಕೇಳಿ ನನಗೆ ಇನ್ನೂ ಭಯವಾಯಿತು.

ಆ ಹಾಡನ್ನು ಆಲ್ಬಮ್ ಹೊರಬರುವ ಮೊದಲೇ ನಾನು ಕೇಳಲೇಬೇಕಿತ್ತು. ಊರಿನವರ ಬಾಯಿಂದ ನನ್ನ ಹೆಸರು ಕೇಳುವ ಮೊದಲು. ಆದರೆ ಹೇಗೆ? ಬಾಗಿಲಿಗೆ ಕಿವಿಯಿಟ್ಟರೆ ಮಾರುಕಟ್ಟೆಯ ಗದ್ದಲ ಬಿಟ್ಟು ಇನ್ನೇನೂ ಕೇಳದು. ನಮ್ಮ ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗಳೆಲ್ಲ ನಡುವಿನ ಒಂದು ಗಾಳಿಗೂಡಿಗೆ ತೆರೆದಿರುತ್ತವೆ. ನೆಲದಿಂದ ಮಾಳಿಗೆಯವರೆಗೆ ಬಾವಿಯಂತೆ ಎದ್ದು ನಿಂತ ಕತ್ತಲ ಗೂಡು ಅದು. ಯಾರ ಮನೆಯಲ್ಲಿ ಬೆಳ್ಳುಳ್ಳಿ ಹುರಿದರು, ಯಾರ ಮನೆಯಲ್ಲಿ ಗಂಡ ಹೆಂಡತಿ ಕಿತ್ತಾಡಿದರು ಎಲ್ಲ ಅದರಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಯಾಕೂತ್ ಅಡುಗೆಮನೆಯಲ್ಲಿ ಹಾಡಿದರೆ ಅದು ಚೆನ್ನಾಗಿ ಕೇಳಿಸುವುದು ಕೆಳಗಿನ ಅಡುಗೆಮನೆಗೆ. ಉಮ್ಮ್ ಅವಾದಳ ಅಡುಗೆಮನೆಗೆ.

ಒಂದು ವಾರ ಮನಸ್ಸು ಗಟ್ಟಿಮಾಡಿಕೊಂಡೆ. ಅಂಗಡಿ ಮುಚ್ಚಿ ಯಾಕೂತ್ ಊಟಕ್ಕೆ ಮನೆಗೆ ಹೋಗುವ ಮಧ್ಯಾಹ್ನದ ಹೊತ್ತು ನೋಡಿ, ಕೈಯಲ್ಲಿ ನಾಲ್ಕು ಒಳ್ಳೆಯ ಮೀನು ಹಿಡಿದು ಆ ಮೆಟ್ಟಿಲು ಹತ್ತಿದೆ.

ಆಕೆ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಸಂದಿಯಲ್ಲಿ ಒಂದು ಕಣ್ಣು ನನ್ನನ್ನೂ ಮೀನನ್ನೂ ನೋಡಿತು.

"ಇಷ್ಟು ದಿನ ತಲೆ ಹಾಕದವನು ಇವತ್ತು ಮೀನು ಹೊತ್ಕೊಂಡು ಬಂದಿದೀಯ. ಯಾರು ಕಳಿಸಿದ್ದು?"

"ಯಾರೂ ಇಲ್ಲ ಖಾಲಾ. ನಾನೇ ಬಂದೆ."

"ಏನಾದ್ರೂ ಸುದ್ದಿ ತಂದಿದ್ರೆ ಅಲ್ಲೇ ನಿಂತು ಹೇಳಿ ಹೋಗು. ಒಳಗೆ ತರಬೇಡ."

"ಸುದ್ದಿ ಇಲ್ಲ ಖಾಲಾ. ದೇವರಾಣೆ. ಬರೀ ಮೀನು."

ಇನ್ನೂ ಸ್ವಲ್ಪ ಹೊತ್ತು ನೋಡಿ ಒಳಗೆ ಬಿಟ್ಟಳು. ರೇಡಿಯೋ ಕಿರುಚುತ್ತಿತ್ತು. ಅಡುಗೆಮನೆಯಲ್ಲಿ ಎರಡು ತಟ್ಟೆ ಇಟ್ಟಿದ್ದಳು, ಒಂದರ ಮೇಲೆ ಇನ್ನೊಂದನ್ನು ಬೋರಲು ಮುಚ್ಚಿ. ಯಾರ ಊಟ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಕಿಟಕಿಯ ಕಡೆಗೆ ನೋಡುವುದನ್ನು ಆಕೆ ಗಮನಿಸಿದಳು.

"ಹಾಗೆ ಹೇಳು. ನೀನೂ ಕದ್ದು ಕೇಳೋಕೆ ಬಂದಿದೀಯ" ಅಂದಳು.

"ಖಾಲಾ, ಹಾಗಲ್ಲ..."

"ಸುಳ್ಳು ಹೇಳೋಕೂ ಬರಲ್ಲ ನಿನಗೆ. ನಾನು ದಿನಾ ಕೇಳ್ತೀನಿ." ರೇಡಿಯೋ ಆರಿಸಿದಳು. "ನೀನು ಡೋಲು ಬಡಿಯೋನು, ನಿಂಗೆ ಗೊತ್ತಿರಬೇಕು. ಈ ಹುಡುಗ ಮೊದಲು ಕೂಗಿದ್ರೆ ನನ್ನ ಪಾತ್ರೆ ಅಲ್ಲಾಡ್ತಿದ್ವು. ಈಗ ಯಾಕೆ ಹೀಗೆ ಹಾಡ್ತಾನೆ? ರೋಗಿ ಮಲಗಿರೋ ಮನೇಲಿ ಓಡಾಡೋ ಹಾಗೆ? ನೀವಿಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡ್ತಿದೀರ."

"ನನಗೂ ಅವನ ಮೇಲೆ ಅದೇ ಅನುಮಾನ ಖಾಲಾ."

"ಹಾಗಾದ್ರೆ ಕೂತ್ಕೋ. ಬಾಯಿ ಮುಚ್ಕೊಂಡಿರು."

ನಾವಿಬ್ಬರೂ ಕಿಟಕಿಯ ಕೆಳಗೆ ಎರಡು ಮಣೆ ಹಾಕಿ ಕೂತೆವು. ಆಕೆ ಮೀನು ಹೆರೆಯುವ ಚಾಕು ಕೈಯಲ್ಲೇ ಹಿಡಿದಿದ್ದಳು. ಮೇಲೆ ಬಾಗಿಲು ತೆಗೆದ ಸದ್ದು, ನಲ್ಲಿಯ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಗಿಟಾರು. ಮೊದಲು ಮಾರುಕಟ್ಟೆಯ ಬೆಕ್ಕಿನ ಮೇಲೊಂದು ಹಾಡು, ತಮಾಷೆಯದು. ಅದೂ ಅಳುವ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಹಾಳಾದವನು ಡ್ರಮ್ಸ್ ಇಲ್ಲದೆಯೂ ಚೆನ್ನಾಗಿ ಹಾಡುತ್ತಾನೆ ಅಂತ ಹೊಟ್ಟೆ ಉರಿಯಿತು. ಆಮೇಲೆ ಈ ಹಾಡು:

ಬಾಗಿಲಲ್ಲೇ ನಿಂತು ಕೇಳಿದ, ಇನ್ನೆಷ್ಟು ದಿನವಿದೆ ಗೆಳೆಯ?
ಗೋಡೆ ನೋಡಿ ಹೇಳಿದೆ ನಾನು, ಇನ್ನೂ ಎರಡಿದೆ, ಹೋಗಿ ಬಾ.
ಸಮುದ್ರಕ್ಕೆ ಓದು ಬಾರದು ಅಂತ
ನನಗೆ ಯಾರೂ ಹೇಳಲಿಲ್ಲ.

ನನಗೆ ಮೊದಲು ಅರ್ಥವಾಗಲಿಲ್ಲ. ಹಾಡು ಮುಂದೆ ಹೋಯಿತು. ಕೆಳಗಿನ ಮನೆಯ ತಾಯಿಯ ಮುಖ ಹೇಗೆ ನೋಡಲಿ, ಸುತ್ತಿಗೆಯವನ ಮುಖ ಹೇಗೆ ನೋಡಲಿ, ಅವನು ಮುಚ್ಚಿದ ದೋಣಿಯ ಬಾಗಿಲನ್ನು ನಾನು ಮಾತಿನಿಂದ ತೆರೆದೆ, ಹೀಗೆ. ಆಗ ಅರ್ಥವಾಯಿತು. ಅವಾದ್ ಹೊರಡುವ ಮುಂಚೆ ಅಂಗಡಿಗೆ ಹೋಗಿದ್ದಾನೆ. ಮಕ್ನಸಾ ಯಾವಾಗ ಅಂತ ಕೇಳಿದ್ದಾನೆ. ಯಾಕೂತ್ ಗೋಡೆಯ ಪಟ್ಟಿ ನೋಡಿ, ಇನ್ನೂ ಎರಡು ದಿನ ಇದೆ ಅಂದಿದ್ದಾನೆ. ಬಹರಿಯಲ್ಲಿ ಯಾರೇ ಆಗಿದ್ದರೂ ಅದನ್ನೇ ಹೇಳುತ್ತಿದ್ದರು, ನಾನೂ ಅದನ್ನೇ ಹೇಳುತ್ತಿದ್ದೆ.

ಅವನು ನನ್ನನ್ನು ಅನುಮಾನಿಸಲೇ ಇಲ್ಲ. ನಾನು ಅವನನ್ನು ಅನುಮಾನಿಸುತ್ತೇನೆ ಅಂತ ಹೆದರಿದ್ದ. ದನಿ ತಗ್ಗಿಸಿದ್ದೂ ಕೆಳಗಿನ ಮನೆಯ ಆ ಸಾವಿಗೇ.

ನನಗೆ ಆಗ ಆದದ್ದು ದುಃಖವಲ್ಲ, ಖುಷಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಎದೆಯ ಮೇಲಿದ್ದ ಕಲ್ಲು ಉರುಳಿದಂತಾಯಿತು. ಸದ್ಯ, ನನ್ನ ಸಂದಿ ಅಲ್ಲ, ನನ್ನ ಹತ್ತಿ ಅಲ್ಲ, ಆ ಹಲಗೆಯೂ ಅಲ್ಲ ಅಂತ ಎದ್ದು ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಪಕ್ಕಕ್ಕೆ ತಿರುಗಿದೆ. ಉಮ್ಮ್ ಅವಾದ್ ಚಾಕುವನ್ನು ನೆಲದ ಮೇಲೆ ಇಟ್ಟಿದ್ದಳು.

"ಈ ಹಾಡು ಇವತ್ತೇ ಮೊದಲು ಪೂರ್ತಿ ಹಾಡಿದ್ದು" ಅಂದಳು. "ದಿನಾ ಶುರು ಮಾಡ್ತಿದ್ದ, ಬಾಗಿಲಲ್ಲೇ ನಿಂತು ಕೇಳಿದ ಅನ್ನೋ ತನಕ ಬಂದು ನಿಲ್ಲಿಸ್ತಿದ್ದ."

ಎದ್ದು ಕಿಟಕಿಗೆ ಹೋದಳು. ಗಾಳಿಗೂಡಿಗೆ ತಲೆ ಹಾಕಿ ಮೇಲೆ ನೋಡಿ ಕರೆದಳು. "ಯಾಕೂತ್. ಕೆಳಗೆ ಬಾ ಮಗನೇ." ಕಿರುಚಲಿಲ್ಲ. ಊಟಕ್ಕೆ ಕರೆಯುವ ದನಿ. ಮೇಲೆ ರೆಕಾರ್ಡ್ ಇನ್ನೂ ಓಡುತ್ತಿತ್ತಲ್ಲ, ಆ ದನಿ ಆಲ್ಬಮ್ಮಿನಲ್ಲಿ ಹಾಗೆಯೇ ಇದೆ. ಬೂಟಿನವನು ಅದನ್ನು ತೆಗೆದುಹಾಕೋಣ ಅಂದನಂತೆ. ಯಾಕೂತ್ ಎಂದೂ ಯಾರಿಗೂ ಇಲ್ಲ ಅನ್ನದವನು, ಅವನಿಗೆ ಇಲ್ಲ ಅಂದ.

ಅವನು ಬಂದ. ಬಾಗಿಲಲ್ಲಿ ನನ್ನನ್ನು ಕಂಡು ಅಲ್ಲೇ ನಿಂತ. ಬರಿಗಾಲಿನಲ್ಲಿದ್ದ, ಗಿಟಾರಿನ ತಂತಿ ಒತ್ತಿದ ಗೆರೆಗಳು ಬೆರಳ ಮೇಲೆ ಕೆಂಪಗಿದ್ದವು.

"ನಂಗೆ ಗೊತ್ತಿತ್ತು" ಅಂದಳು ಆಕೆ.

ನಾವಿಬ್ಬರೂ ಆಕೆಯ ಮುಖ ನೋಡಿದೆವು.

"ಅವತ್ತು ಬೆಳಿಗ್ಗೆ ನಾನೂ ಕೇಳ್ದೆ. ಗಾಳಿ ಬರೋ ಹಾಗಿದೆ, ಹೋಗಬೇಡ ಅಂದೆ. 'ಇನ್ನೂ ಎರಡು ದಿನ ಇದೆ ಅಮ್ಮ, ಯಾಕೂತ್ ನೋಡಿ ಹೇಳಿದಾನೆ' ಅಂದ. ಸರಿ ಅಂದೆ. ರೊಟ್ಟಿ, ಗಿಣ್ಣು ಕಟ್ಟಿಕೊಟ್ಟೋಳು ನಾನೇ." ತಲೆವಸ್ತ್ರದ ತುದಿಯಿಂದ ಕೈಗಂಟಿದ ಮೀನಿನ ಹುರುಪೆ ಒರೆಸಿಕೊಂಡಳು. "ನೀನು ಬಂದು ಹೇಳ್ತೀಯ ಅಂತ ಕಾಯ್ತಿದ್ದೆ. ಇವತ್ತು ಬರ್ತಾನೆ, ನಾಳೆ ಬರ್ತಾನೆ. ನೀನು ಬರಲಿಲ್ಲ. ಬರದೆ ಇದ್ದದ್ದು ಒಳ್ಳೇದೇ ಆಯ್ತು ಅಂದ್ಕೊಂಡೆ. ತಪ್ಪಾಯ್ತು ಅನ್ನೋಕೆ ಯಾರೂ ಬಂದಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ ತಾನೇ? ನನ್ನ ಮಗ ಎಲ್ಲೋ ಇದಾನೆ ಅಂತ ತಾನೇ?"

ಯಾಕೂತ್ ಗೋಡೆಗೆ ಒರಗಿ ಕೂತ. ನನಗೂ ತಡೆಯಲಾಗಲಿಲ್ಲ. ಒಬ್ಬನೇ ಏಕೆ ಹೊರಬೇಕು ಅನ್ನಿಸಿತೋ, ಅಥವಾ ಬಾಯಿ ಸುಮ್ಮನಿರದ ನನ್ನ ಹಣೆಬರಹವೋ. "ಖಾಲಾ, ದೋಣಿಯ ಅಡಿಯಲ್ಲಿ ಒಂದು ಹಲಗೆ ಮೆತ್ತಗಿತ್ತು" ಅಂದೆ. "ಅವನಿಗೆ ಹೇಳಿದ್ದೆ. ಹೇಳಿದ್ರೂ ನಾನು ಬಿಡಬಾರದಿತ್ತು."

"ನೀನೂ ಒಂದು ಗುಟ್ಟು ಇಟ್ಕೊಂಡಿದ್ಯಾ" ಅಂದಳು. "ಸಮುದ್ರ ಯಾವ ಬಾಗಿಲಿಂದ ಒಳಗೆ ಬಂತು ಅಂತ ತಿಳ್ಕೊಂಡು ನಂಗೇನಾಗಬೇಕು ಶೆಹಾತ? ಬಂತಲ್ಲ."

ಬಂತಲ್ಲ ಅಂದಳು. ಆ ಮಾತು ತನ್ನ ಬಾಯಿಂದ ಬಂದದ್ದು ಆಕೆಗೂ ಕೇಳಿಸಿತು. ಒಲೆಯ ಕಡೆ ತಿರುಗಿದಳು. ಆಮೇಲೆ ಸಣ್ಣ ಹಿತ್ತಾಳೆ ಪಾತ್ರೆ ತೆಗೆದು ನೀರಿಟ್ಟಳು. ಕಾಫಿಪುಡಿ ಹಾಕಿದಳು, ಕದಡಿದಳು, ನೊರೆ ಏಳುವ ತನಕ ಕಾದಳು. ಸಕ್ಕರೆಯ ಡಬ್ಬಿ ಅಲ್ಲೇ ಕೈಗೆಟುಕುವಲ್ಲಿತ್ತು. ಮುಟ್ಟಲಿಲ್ಲ. ಯಾಕೂತ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ನಮ್ಮಲ್ಲಿ ಮನೆಗೆ ಬಂದವರಿಗೆ ಕೇಳದೆಯೇ ಸಕ್ಕರೆ ಇಲ್ಲದ ಕಾಫಿ ಕೊಡುವುದು ಸಾವಿನ ಮನೆಯಲ್ಲಿ ಮಾತ್ರ.

ಮೂರು ಲೋಟಕ್ಕೆ ಬಗ್ಗಿಸಿ ನಮ್ಮ ಮುಂದೆ ಇಟ್ಟು ತಾನೂ ನೆಲದ ಮೇಲೆ ಕೂತಳು. ಕಹಿ ಅಂದರೆ ಕಹಿ. ಒಂದೊಂದು ಗುಟುಕನ್ನೂ ನುಂಗಿದೆ.

"ಈಗ ಹೇಳಿ" ಅಂದಳು. "ಸಾವಿನ ಮನೇಲಿ ಹೇಳೋ ಮಾತು ಹೇಳಿ. ಮೊದಲು ನೀವಿಬ್ಬರೂ ಹೇಳಬೇಕು. ಆಮೇಲೆ ಊರಿನವರು ಬರಲಿ."

ಇಡೀ ಬಹರಿಗೆ ಕೇಳುವಂತೆ ಬಾರಿಸುವವನು ನಾನು. ಹೇಳಿದವನು ಯಾಕೂತ್. ಆಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಕೇಳುವ ಹಾಗೆ, ಬಿರಿದ ದನಿಯಲ್ಲಿ ಹೇಳಿದ:

"ಅವಾದನ ಮಿಕ್ಕ ಆಯುಷ್ಯ ನಿನಗೆ ಸೇರಲಿ, ಖಾಲಾ."